ಬಾವಲಿ ನೋಡೋಕೆ ತಲೆಗೆ 600 ರೂಪಾಯಿ

ನಮ್ಮ ತೋಟದಲ್ಲೇ ಕತ್ತಲಾದರೆ ತಲೆ ಮೇಲೆ ಹಾರುತ್ತವೆ, ಅದನ್ನು ನೋಡೋಕೆ ದುಡ್ಡು ಬೇರೆ ಕೊಡ್ತೀಯಾ ಅಂತ ನಮ್ಮನೆಯವರು ನಕ್ಕರು. ಬೆಂಗಳೂರಿಂದ ಬಂದಿದ್ದ ತಂಗಿ ಮಗಳ ಹಟಕ್ಕೆ ಜನವರಿಯ ಒಂದು ಶನಿವಾರ, ಕುಯ್ಲಿನ ಗಡಿಬಿಡಿಯಲ್ಲೂ, ಮಾದಾಪುರದ ಆಚೆಯ ಒಂದು ಹೋಂಸ್ಟೇಯವರ ಬಾವಲಿ ನಡಿಗೆಗೆ ಹೋದೆವು. ಸಂಜೆ ಆರರಿಂದ ಒಂಬತ್ತು.

ಮೊದಲು ತಕರಾರು. ಗೇಟಿನಿಂದ ಮೇಲಕ್ಕೆ ಜೀಪಿಗೆ 400 ರೂಪಾಯಿ ಬೇರೆ ಅಂತ ಫೋನಿನಲ್ಲಿ ಹೇಳಿರಲಿಲ್ಲ. ಕಾಫಿ ಬೆಳೆಯುವವರ ಮನೆಯಲ್ಲಿ ಆರಿದ ಕಾಫಿ! ಹಾಲ್‌ನ ಗೋಡೆಗೆ ಒಂದು ದೊಡ್ಡ ಚಾರ್ಟ್: ಎಡಕ್ಕೆ ದೊಡ್ಡ ಬಾವಲಿ, ಬಲಕ್ಕೆ ಸಣ್ಣ ಬಾವಲಿ, ನಡುವೆ ದಪ್ಪ ಗೆರೆ. ನನಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ನಾವೂ ಹಾಗೇ ಅಲ್ಲವಾ, ಹಣ್ಣು ತಿನ್ನುವುದು ಬಾವಲಿ, ಹುಳ ಹಿಡಿಯುವುದು ಕಣ್ಣುಕಪ್ಪಡಿ.

“ಆಂಟಿ, ಆ ಚಾರ್ಟ್ ನೋಡ್ಬೇಡಿ, ಹಳೇದು. ತೆಗೀರಿ ಅಂತ ಯಜಮಾನರಿಗೆ ಹೇಳೋ ಧೈರ್ಯ ನಂಗಿಲ್ಲ” ಅಂದ, ಕರೆದುಕೊಂಡು ಹೋಗಲು ಬಂದ ಹುಡುಗ. ಕೊಟ್ಟ ದುಡ್ಡು ಈ ಹುಡುಗನಿಗೇ ಸಲ್ಲಬೇಕು.

ಬೆಳಕಿರುವಾಗಲೇ ಒಂದು ಬೈನೆ ಮರದ ಕೆಳಗೆ ನಿಲ್ಲಿಸಿದ. ಜಡೆಯ ಹಾಗೆ ಇಳಿಬಿದ್ದ ಗೊನೆ. ದುರ್ಬೀನಿನಲ್ಲಿ ಕೆಳಗಿನಿಂದ ನೋಡಿದರೆ ನಡುವಿನ ಎಳೆಗಳೆಲ್ಲ ಕತ್ತರಿಸಿ ಗಂಟೆಯ ಒಳಮೈಯಂಥ ಟೊಳ್ಳು, ಅದರಲ್ಲಿ ಐದಾರು ಕಂದು ಮುದ್ದೆಗಳು. ಮೋಟುಮೂಗಿನ ಹಣ್ಣುಬಾವಲಿ, ಸೈನೊಪ್ಟೆರಸ್ ಸ್ಫಿಂಕ್ಸ್. ಗಂಡು ದಿನಗಟ್ಟಲೆ ಹಲ್ಲಿನಲ್ಲಿ ಕಡಿದು ಈ ಮನೆ ಮಾಡುತ್ತದಂತೆ, ಹೆಣ್ಣುಗಳು ಬಂದು ಸೇರುತ್ತವೆ. ನಮ್ಮ ತೋಟದಲ್ಲಿ ನಾಲ್ಕು ಬೈನೆ ಇವೆ; ಇಷ್ಟು ವರ್ಷದಲ್ಲಿ ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ.

ಕತ್ತಲಾದ ಮೇಲೆ ಒಂದು ಪೆಟ್ಟಿಗೆ ತೆಗೆದ. ಬಾವಲಿ ಕೂಗಿ, ಅದರ ಮಾರ್ದನಿ ಕೇಳಿ ದಾರಿ ಹುಡುಕುತ್ತದಲ್ಲ, ನಮ್ಮ ಕಿವಿಗೆ ನಿಲುಕದ ಆ ದನಿಯನ್ನು ತಗ್ಗಿಸಿ ಕೇಳಿಸುವ ಯಂತ್ರ. ಹಂಚಿನ ಸಂದಿಯಿಂದ ಪಿಪಿಸ್ಟ್ರೆಲ್ ಅನ್ನುವ ಹುಳ ಹಿಡಿಯುವ ಪುಟ್ಟ ಬಾವಲಿ ಹೊರಟಾಗ ಟಪಟಪ ಅಂತು. ಹಳೇ ಗೋಡೌನಿನಿಂದ ಕುದುರೆಲಾಳದಂಥ ಮೂಗಿನ ಬಾವಲಿ ಬಂದಾಗ ಸೀಟಿಯಂತೆ ಕೂಗಿತು. ಹಣ್ಣುಬಾವಲಿ ನೆತ್ತಿಯ ಮೇಲೇ ಹೋಯಿತು, ಪೆಟ್ಟಿಗೆ ಗಪ್‌ಚುಪ್. ಅದರದು ಕಣ್ಣು, ಮೂಗಿನ ದಾರಿ.

“ಈ ಮೂರರಲ್ಲಿ ಯಾವೆರಡು ಹತ್ತಿರದ ನೆಂಟರು ಹೇಳಿ” ಅಂದ. ಕೂಗುವ ಎರಡು ಅಂದೆ. ಅಲ್ಲವಂತೆ! ವಂಶವಾಹಿ ಹೋಲಿಸಿದ ಮೇಲೆ, ಹಣ್ಣುಬಾವಲಿಯೂ ಲಾಳಮೂಗಿನದೂ ಒಂದೇ ಕವಲು, ಯಿನ್‌ಪ್ಟೆರೊಕೈರಾಪ್ಟೆರಾ. ಪಿಪಿಸ್ಟ್ರೆಲ್ ಆಚೆಯ ಯಾಂಗೊಕೈರಾಪ್ಟೆರಾ. ಚಾರ್ಟಿನ ಆ ದಪ್ಪ ಗೆರೆ ತಪ್ಪಿದ್ದು ಇಲ್ಲೇ. ಹಾಗಾದರೆ ಹಣ್ಣುಬಾವಲಿ ಕೂಗುವುದನ್ನು ಬಿಟ್ಟಿತಾ, ಅಥವಾ ಎರಡು ಕವಲೂ ಬೇರೆಬೇರೆಯಾಗಿ ಕೂಗು ಕಲಿತವಾ? ಅದರ ಜಗಳ ಮುಗಿದಿಲ್ಲವಂತೆ. ಗವಿಗಳಲ್ಲಿರುವ ರೌಸೆಟಸ್ ಅನ್ನುವ ಹಣ್ಣುಬಾವಲಿ ನಾಲಿಗೆ ಲೊಚಗುಟ್ಟಿ ದಾರಿ ಹುಡುಕುತ್ತದೆ, ಅದು ಆಮೇಲೆ ಸ್ವಂತ ಕಲಿತ ವಿದ್ಯೆ. 1986ರಲ್ಲಿ ಆಸ್ಟ್ರೇಲಿಯದ ಜಾಕ್ ಪೆಟಿಗ್ರ್ಯೂ, ಕಣ್ಣು-ಮಿದುಳಿನ ನರಗಳ ಹೋಲಿಕೆ ನೋಡಿ, ಹಣ್ಣುಬಾವಲಿ ಮಂಗನ ಕುಲಕ್ಕೇ ಸೇರಬೇಕು ಅಂದಿದ್ದರಂತೆ, ಡಿಎನ್‌ಎ ಒಪ್ಪಲಿಲ್ಲ. ದಕ್ಷಿಣ ಅಮೆರಿಕದಲ್ಲಿ ಹಣ್ಣು ತಿನ್ನುವ ಬಾವಲಿಗಳೋ, ನಮ್ಮವಕ್ಕಲ್ಲ, ರಕ್ತ ಹೀರುವ ವ್ಯಾಂಪೈರ್‌ಗೆ ದಾಯಾದಿ. ಒಂದೇ ಊಟ ಮಾಡಿದ ಮಾತ್ರಕ್ಕೆ ನೆಂಟಸ್ತಿಕೆ ಇಲ್ಲ.

ನಾನೂ ಸುಮ್ಮನಿರಲಿಲ್ಲ. ಕಳೆದ ವರ್ಷ ನಮ್ಮ ಕರೆಂಟ್ ತಂತಿಗೆ ಸಿಕ್ಕಿ ಸತ್ತದ್ದನ್ನು ಕೋಲಿನಲ್ಲಿ ಬಿಡಿಸಿ ನೋಡಿದ್ದೆ: ಹೆಬ್ಬೆರಳಿಗೆ ಉಗುರು ಸರಿ, ಪಕ್ಕದ ಬೆರಳಿಗೂ ಒಂದು ಪುಟ್ಟ ಉಗುರು. ಹೇಳಿದೆ. ಹುಡುಗನ ಮುಖ ಅರಳಿತು. “ಅದೇ ಗುರುತು ಆಂಟಿ, ಹಣ್ಣುಬಾವಲಿ ಮನೆತನದ್ದು!” ಅಲ್ಲಿಂದ ಸಲೀಂ ಅಲಿ ಹೆಸರಿನ ಬಾವಲಿಯ ಕಥೆ. 1948ರಲ್ಲಿ ತಮಿಳುನಾಡಿನ ಹೈ ವೇವಿ ಬೆಟ್ಟದಲ್ಲಿ ಸಿಕ್ಕಿದ್ದು, ಮೋಟುಮೂಗಿನದೇ ಅಂತ ಚೀಟಿ ಅಂಟಿಸಿಕೊಂಡು ಮ್ಯೂಸಿಯಂನಲ್ಲಿ ಕೂತಿತ್ತು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥೊಂಗ್‌ಲೊಂಗ್ಯಾ ಅದರ ಹಲ್ಲು ನೋಡಿ, ಬಾಲವೇ ಇಲ್ಲದ್ದನ್ನು ನೋಡಿ, ಲ್ಯಾಟಿಡೆನ್ಸ್ ಅನ್ನುವ ಹೊಸ ಕುಲವನ್ನೇ ಮಾಡಬೇಕಾಯಿತು.

ಟಾರ್ಚಿಗೆ ಕೆಂಪು ಕಾಗದ ಕಟ್ಟಿದ್ದರು, ಬಲೆ ಹಾಕಿ ಹಿಡಿಯಲಿಲ್ಲ, ಎರಡೂ ಮೆಚ್ಚಿಗೆಯಾಯಿತು. ಹುಣ್ಣಿಮೆಯ ಆಸುಪಾಸು ಹೋಗಬೇಡಿ, ಬೆಳದಿಂಗಳಲ್ಲಿ ಹಾರಾಟ ಕಮ್ಮಿಯಂತೆ. ಸ್ವೆಟರ್ ಮರೆಯಬೇಡಿ. ಐದಕ್ಕೆ ನಾಲ್ಕು, ಕಳೆದ ಒಂದು ಜೀಪಿಗೆ. ಆ ಚಾರ್ಟ್ ಇಳಿಸಿದ್ದಾರೆ ಅಂತ ಯಾರಾದರೂ ಹೋಗಿಬಂದವರು ಹೇಳಿದರೆ ಅದನ್ನೂ ಕೊಡುತ್ತೇನೆ.