ಮಲಾವಿ ಸಿಕ್ಲಿಡ್‌ಗಳ ಬಿಳಿ ಚುಕ್ಕೆ ರೋಗಕ್ಕೆ ಇಚ್-ಎಕ್ಸ್: ಹಲವು ಚಳಿಗಾಲಗಳ ಬಳಕೆಯ ಅನುಭವ

ಹಿಕಾರಿ ಹೆಸರಿನಲ್ಲಿ ಮಾರಾಟವಾಗುವ ಇಚ್-ಎಕ್ಸ್ ಎಂಬ ಔಷಧಿಯನ್ನು ನಾನು ಹಲವು ವರ್ಷಗಳಿಂದ, ಆಫ್ರಿಕಾದ ಮಲಾವಿ ಸರೋವರ ಮೂಲದ ಅಲಂಕಾರಿಕ ಮೀನುಗಳಾದ ಮಲಾವಿ ಸಿಕ್ಲಿಡ್‌ಗಳ ಟ್ಯಾಂಕಿಗೆ ಬಳಸುತ್ತಾ ಬಂದಿದ್ದೇನೆ. ಬೆಂಗಳೂರಿನಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಹೊರಗಿನ ಉಷ್ಣಾಂಶ 15-16 ಡಿಗ್ರಿಗೆ ಇಳಿಯುತ್ತದೆ. ಅಂಥ ರಾತ್ರಿ ಕರೆಂಟು ಹೋಗಿ ಹೀಟರ್ ನಿಂತರೆ ಬೆಳಗಾಗುವುದರೊಳಗೆ ಟ್ಯಾಂಕಿನ ನೀರು ತಣ್ಣಗಾಗುತ್ತದೆ. 24ರಿಂದ 28 ಡಿಗ್ರಿಯ ನೀರಿಗೆ ಒಗ್ಗಿಕೊಂಡ ಈ ಮೀನುಗಳ ರೋಗನಿರೋಧಕ ಶಕ್ತಿ ಇಂತಹ ಏರಿಳಿತದಿಂದ ಕುಗ್ಗುತ್ತದೆ, ಅದೇ ಹೊತ್ತಿಗೆ ಹೊಸ ಮೀನಿನ ಜೊತೆಗೋ ಒದ್ದೆ ಬಲೆಯ ಜೊತೆಗೋ ಪರಾವಲಂಬಿ ಜೀವಿ ಒಳಗೆ ಬಂದಿದ್ದರೆ ರೋಗ ಹರಡಲು ತಡವಾಗುವುದಿಲ್ಲ. ಔಷಧಿ ಒಳ್ಳೆಯದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದರ ಫಲ ಬಾಟಲಿಯೊಳಗಿನ ದ್ರಾವಣಕ್ಕಿಂತಲೂ, ನಾವು ಅದನ್ನು ಎಷ್ಟು ದಿನ ಬಿಡದೆ ಹಾಕುತ್ತೇವೆ ಎಂಬುದನ್ನು ಹೆಚ್ಚು ಅವಲಂಬಿಸಿದೆ.

ಇದಕ್ಕೆ ಕಾರಣ ಪರಾವಲಂಬಿಯ ಜೀವನಚಕ್ರದಲ್ಲಿದೆ. ಬಿಳಿ ಚುಕ್ಕೆ ರೋಗವನ್ನು ತರುವುದು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿ. ಮೀನಿನ ಮೈಮೇಲೆ ನಮಗೆ ಕಾಣುವ ಚುಕ್ಕೆಯೊಳಗೆ ಅದು ಚರ್ಮದ ಮೇಲ್ಪದರದ ಅಡಿಯಲ್ಲಿ ಹುದುಗಿ, ಮೀನಿನ ಜೀವಕೋಶಗಳನ್ನೇ ತಿಂದು ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಆ ಹಂತದಲ್ಲಿ ನೀರಿಗೆ ಹಾಕಿದ ಯಾವ ಔಷಧಿಯೂ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಬಲಿತ ಮೇಲೆ ಅದು ಮೀನನ್ನು ಬಿಟ್ಟು ಕೆಳಗಿಳಿದು, ಮರಳು ಅಥವಾ ಕಲ್ಲಿಗೆ ಅಂಟಿಕೊಂಡು, ಸುತ್ತಲೂ ಲೋಳೆಯಂತಹ ಕೋಶವನ್ನು ಕಟ್ಟಿಕೊಂಡು, ಒಳಗೊಳಗೇ ವಿಭಜನೆಯಾಗಿ ನೂರಾರು ಮರಿಗಳಾಗುತ್ತದೆ. ಈ ಕೋಶವೂ ಔಷಧಿಯಿಂದ ರಕ್ಷಣೆ ಕೊಡುತ್ತದೆ. ಕೋಶ ಒಡೆದು ಈಜುತ್ತಾ ಹೊರಬರುವ ಮರಿಗಳು ಸುಮಾರು ಎರಡು ದಿನಗಳೊಳಗೆ ಮತ್ತೊಂದು ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಔಷಧಿಗೆ ಸಿಕ್ಕಿಬೀಳುವುದು ಈ ಈಜುವ ಮರಿಗಳು ಮಾತ್ರ. ಹಾಗಾಗಿ ಔಷಧಿ ಹಾಕಿದ ಎರಡನೇ ದಿನ ಚುಕ್ಕೆಗಳು ಹೆಚ್ಚಾದರೆ ಔಷಧಿ ಕೆಲಸ ಮಾಡುತ್ತಿಲ್ಲ ಎಂದಲ್ಲ, ಮೊದಲೇ ಒಳಗೆ ಸೇರಿದ್ದವು ಈಗ ಕಣ್ಣಿಗೆ ಬೀಳುವಷ್ಟು ಬೆಳೆದಿವೆ ಎಂದಷ್ಟೇ ಅರ್ಥ. ಅದೇ ರೀತಿ, ನಾಲ್ಕನೇ ದಿನ ಮೀನಿನ ಮೈ ಶುಭ್ರವಾಗಿ ಕಂಡರೆ ರೋಗ ಹೋಯಿತು ಎಂದೂ ಅಲ್ಲ, ಅವೆಲ್ಲ ಕೆಳಗಿಳಿದು ಮರಳಿನಲ್ಲಿ ಕುಳಿತಿರಬಹುದು. ಈ ಔಷಧಿ ಉಪಯೋಗವಿಲ್ಲವೆಂದು ದೂರುವವರಲ್ಲಿ ಬಹಳಷ್ಟು ಜನ ಇಲ್ಲೇ ನಿಲ್ಲಿಸಿದವರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಔಷಧಿಗೆ ಕೈ ಹಾಕುವ ಮೊದಲು ಚುಕ್ಕೆ ಯಾವುದು ಎಂದು ಖಚಿತಪಡಿಸಿಕೊಳ್ಳಬೇಕು. ಮಲಾವಿಯ ಗಂಡು ಮೀನುಗಳ ಕೆಳಗಿನ ಹಿಂಬದಿ ರೆಕ್ಕೆಯಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದ ದುಂಡನೆಯ ಗುರುತುಗಳಿರುತ್ತವೆ. ಅವು ಮೊಟ್ಟೆಯನ್ನು ಹೋಲುವ ಸಹಜ ಗುರುತುಗಳೇ ಹೊರತು ರೋಗವಲ್ಲ. ಹೂಕೋಸಿನಂತೆ ಗಂಟುಗಂಟಾಗಿ ರೆಕ್ಕೆಯ ಅಂಚಿನಲ್ಲಿ ಬೆಳೆಯುವುದು ಲಿಂಫೋಸಿಸ್ಟಿಸ್ ಎಂಬ ವೈರಸ್ ರೋಗ, ಅದಕ್ಕೆ ಈ ಔಷಧಿಯಿಂದ ಪ್ರಯೋಜನವಿಲ್ಲ. ಎಲೆಕ್ಟ್ರಿಕ್ ಬ್ಲೂ ಮೀನಿನ ಗಾಢ ನೀಲಿ ಮೈಮೇಲೆ ಬಿಳಿ ಚುಕ್ಕೆ ಬೇಗ ಕಾಣುತ್ತದೆ, ಆದರೆ ಯೆಲ್ಲೋ ಲ್ಯಾಬ್ ಮೀನಿನ ತಿಳಿ ಹಳದಿಯ ಮೇಲೆ ಅದು ಕಣ್ತಪ್ಪಿಸಿಕೊಳ್ಳುತ್ತದೆ. ಅದಕ್ಕಾಗಿ ನಾನು ರಾತ್ರಿ ಟ್ಯಾಂಕಿನ ದೀಪ ಆರಿಸಿದ ಮೇಲೆ, ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ಅದರ ಬೆನ್ನಿನ ರೆಕ್ಕೆಯ ಕಪ್ಪು ಪಟ್ಟಿಯನ್ನು ನೋಡುತ್ತೇನೆ. ರೋಗವಿದ್ದರೆ ಆ ಕಪ್ಪಿನ ಮೇಲೆ ರವೆಯ ಕಾಳು ಉದುರಿಸಿದಂತೆ ಚುಕ್ಕೆಗಳು ಉಬ್ಬಿ ನಿಂತಿರುತ್ತವೆ. ಕಲ್ಲಿಗೆ ಮೈ ಉಜ್ಜುವುದೊಂದನ್ನೇ ಲಕ್ಷಣವೆಂದು ನಂಬಬಾರದು, ಆರೋಗ್ಯವಾಗಿರುವ ಮಲಾವಿ ಮೀನುಗಳೂ ಆಗಾಗ ಹಾಗೆ ಮಾಡುತ್ತವೆ. ಆದರೆ ರೆಕ್ಕೆ ಮುದುಡಿಕೊಂಡು, ಕಿವಿರುಗಳನ್ನು ಬೇಗಬೇಗ ಆಡಿಸುತ್ತಾ ನೀರಿನ ಮೇಲ್ಮಟ್ಟಕ್ಕೆ ಬಂದು ನಿಂತರೆ ತಡಮಾಡಬಾರದು. ಪರಾವಲಂಬಿ ಕಿವಿರುಗಳಲ್ಲಿ ಹೆಚ್ಚಾಗಿ ಸೇರಿದಾಗ ಮೈಮೇಲೆ ನಾಲ್ಕೈದೇ ಚುಕ್ಕೆಗಳಿದ್ದರೂ ಮೀನು ಸಾಯುವುದುಂಟು.

ಇಚ್-ಎಕ್ಸ್‌ನಲ್ಲಿ ಇರುವುದು ಮುಖ್ಯವಾಗಿ ಫಾರ್ಮಾಲ್ಡಿಹೈಡ್ ಮತ್ತು ಮಲಾಕೈಟ್ ಗ್ರೀನ್ ಎಂಬ ಬಣ್ಣದ ರಾಸಾಯನಿಕ. ಈ ಜೋಡಿ ಹೊಸದಲ್ಲ, ಮೀನು ಸಾಕಣೆಯಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ನನಗೆ ಮುಖ್ಯವಾಗಿ ಹಿಡಿಸಿದ್ದು ಅಳತೆಯ ಸ್ಪಷ್ಟತೆ: 38 ಲೀಟರ್ ನೀರಿಗೆ 5 ಮಿಲಿಲೀಟರ್, ಪ್ರತಿ ಸಲ ಹಾಕುವ ಮೊದಲು ಮೂರನೇ ಒಂದು ಭಾಗದಷ್ಟು ನೀರಿನ ಬದಲಾವಣೆ. ಇಲ್ಲಿ ಲೀಟರ್ ಎಂದರೆ ಟ್ಯಾಂಕಿನ ಅಳತೆಯಲ್ಲ, ಒಳಗೆ ನಿಜವಾಗಿ ಇರುವ ನೀರು ಎಂಬುದನ್ನು ಮಲಾವಿ ಸಾಕುವವರು ವಿಶೇಷವಾಗಿ ಗಮನಿಸಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನ ಲೆಕ್ಕ ಹಾಕಿದರೆ 255 ಲೀಟರ್ ಬರುತ್ತದೆ. ಆದರೆ ಗುಡ್ಡೆ ಹಾಕಿದ ಕಲ್ಲು, ಕೆಳಗಿನ ಮರಳು, ಮೇಲೆ ಬಿಟ್ಟ ಜಾಗ ಇವನ್ನೆಲ್ಲ ಕಳೆದರೆ ನನ್ನ ಟ್ಯಾಂಕಿನಲ್ಲಿ ಉಳಿಯುವುದು ಸುಮಾರು 190 ಲೀಟರ್. ಬಕೆಟಿನಲ್ಲಿ ಅಳೆದು ತುಂಬಿಸಿದಾಗಲೇ ಇದು ಗೊತ್ತಾಗುವುದು. 190 ಲೀಟರಿಗೆ 25 ಮಿಲಿಲೀಟರ್ ಸಾಕು, 255ರ ಲೆಕ್ಕದಲ್ಲಿ ಹಾಕಿದರೆ ಸುಮಾರು 33 ಮಿಲಿಲೀಟರ್ ಆಗುತ್ತದೆ. ಫಾರ್ಮಾಲ್ಡಿಹೈಡ್ ಇರುವ ಔಷಧಿಯಲ್ಲಿ ಮೂರನೇ ಒಂದು ಭಾಗ ಹೆಚ್ಚಾಗುವುದು ಸಣ್ಣ ವಿಷಯವಲ್ಲ. ನಾನು ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು, ಒಂದು ಮಗ್ ನೀರಿನಲ್ಲಿ ಬೆರೆಸಿ, ಫಿಲ್ಟರಿನ ನೀರು ಬೀಳುವ ಕಡೆ ನಿಧಾನವಾಗಿ ಸುರಿಯುತ್ತೇನೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಅದು ಔಷಧಿಯನ್ನೆಲ್ಲ ಹೀರಿಕೊಳ್ಳುತ್ತದೆ. ಕೊನೆಯ ಚುಕ್ಕೆ ಮಾಯವಾದ ಮೇಲೂ ಸುಮಾರು ಒಂದು ವಾರ ಚಿಕಿತ್ಸೆ ಮುಂದುವರಿಸುವುದು ನನ್ನ ರೂಢಿ.

ಉಷ್ಣಾಂಶದ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ನೀರು ಬೆಚ್ಚಗಾದಷ್ಟೂ ಪರಾವಲಂಬಿಯ ಚಕ್ರ ಬೇಗ ಮುಗಿಯುತ್ತದೆ: 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ವಾರದೊಳಗೆ ಮುಗಿಯುವುದಕ್ಕೆ 10 ಡಿಗ್ರಿಯಲ್ಲಿ ಒಂದು ತಿಂಗಳಿಗೂ ಹೆಚ್ಚು ಬೇಕು. ಆದ್ದರಿಂದ ತಣ್ಣನೆಯ ನೀರಿನಲ್ಲಿ ಔಷಧಿ ಹಾಕಿದರೆ ದಿನಗಳು ಹೆಚ್ಚುತ್ತವೆ, ಔಷಧಿಯೂ ಹೆಚ್ಚು ಖರ್ಚಾಗುತ್ತದೆ. ಹಾಗೆಂದು ಒಮ್ಮೆಲೇ 32 ಡಿಗ್ರಿಗೆ ಏರಿಸುವುದೂ ಸರಿಯಲ್ಲ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಹೋದರೆ ಅದು 7.6ಕ್ಕೆ ಇಳಿಯುತ್ತದೆ. ಇದರ ಮೇಲೆ ಫಾರ್ಮಾಲ್ಡಿಹೈಡ್ ಕೂಡ ನೀರಿನ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ, ಕಿವಿರು ಮೊದಲೇ ಹಾಳಾಗಿರುತ್ತದೆ. ಈ ಮೂರೂ ಒಟ್ಟಿಗೆ ಸೇರಿದರೆ ಮೀನು ಸಾಯುವುದು ರೋಗದಿಂದಲ್ಲ, ಉಸಿರುಗಟ್ಟಿ. ನಾನು ಔಷಧಿ ಹಾಕುವಾಗ 28 ಡಿಗ್ರಿಯಲ್ಲಿ ನಿಲ್ಲಿಸಿ, ನೀರಿಗೆ ಗಾಳಿಯ ಗುಳ್ಳೆ ಬಿಡುವ ಎರಡು ಏರ್ ಸ್ಟೋನ್‌ಗಳನ್ನು ಹಗಲೂ ರಾತ್ರಿಯೂ ಓಡಿಸುತ್ತೇನೆ. ಹೀಟರಿನ ಮೇಲೆ ಬರೆದ ಅಂಕಿಯನ್ನೂ ನಂಬುವುದಿಲ್ಲ. ನಮ್ಮಲ್ಲಿದ್ದ ಒಂದು ಹೀಟರಿನ ಥರ್ಮೋಸ್ಟಾಟ್ ಕೆಲಸ ನಿಲ್ಲಿಸಿದ ಮೇಲೆ, ಪ್ರತ್ಯೇಕ ಉಷ್ಣಾಂಶ ನಿಯಂತ್ರಕದ ಮೂಲಕವೇ ಹೀಟರಿಗೆ ಕರೆಂಟು ಕೊಡುತ್ತಿದ್ದೇನೆ. ಈ ಔಷಧಿ ಕೊಳ್ಳುವ ಪ್ರತಿಯೊಬ್ಬರೂ ಮೊದಲು ಒಂದು ಒಳ್ಳೆಯ ಥರ್ಮಾಮೀಟರ್ ಕೊಳ್ಳಲಿ.

ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನಿವಾರಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳ ಮೇಲೆ ಇದರ ಪರಿಣಾಮವೇನು ಎಂಬುದು ಹಲವರ ಆತಂಕ. ಹೇಳಿದ ಪ್ರಮಾಣದಲ್ಲಿ ಹಾಕಿದಾಗ ನನ್ನ ಹಳೆಯ ಸ್ಪಾಂಜ್ ಫಿಲ್ಟರುಗಳು ಕೆಲಸ ಮುಂದುವರಿಸಿವೆ. ಆದರೂ ಚಿಕಿತ್ಸೆಯ ಅವಧಿಯಲ್ಲಿ ಅಮೋನಿಯಾ ಪರೀಕ್ಷೆಯನ್ನು ಬಿಡಬಾರದು, ಅದರಲ್ಲೂ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಮಲಾವಿ ಸಾಕುವವರು. 28 ಡಿಗ್ರಿಯಲ್ಲಿ, ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ, ಪಿಎಚ್ 8.2 ಆದರೆ ಅದು ಶೇ. 10ರ ಹತ್ತಿರ ಬರುತ್ತದೆ. ಆ ದಿನಗಳಲ್ಲಿ ಆಹಾರವನ್ನು ಅರ್ಧಕ್ಕೆ ಇಳಿಸುವುದು ಒಳ್ಳೆಯದು. ಬದಲಿಸುವ ನೀರು ಕಾವೇರಿ ನಲ್ಲಿಯದಾದರೆ ಆಂಟಿ ಕ್ಲೋರಿನ್ ಹಾಕಿ, ಟ್ಯಾಂಕಿನ ಉಷ್ಣಾಂಶಕ್ಕೆ ಹೊಂದಿಸಿಯೇ ಸೇರಿಸಬೇಕು. ದಿನವೂ ಅರವತ್ತಕ್ಕೂ ಹೆಚ್ಚು ಲೀಟರ್ ನೀರನ್ನು ಹೀಗೆ ಸಿದ್ಧಪಡಿಸುವುದು ಶ್ರಮದ ಕೆಲಸ, ಅದಕ್ಕೆ ಬೇರೆ ದಾರಿಯಿಲ್ಲ. ಇಷ್ಟು ದೊಡ್ಡ ಟ್ಯಾಂಕಿಗೆ ಹತ್ತು ದಿನದ ಚಿಕಿತ್ಸೆಗೆ 250 ಮಿಲಿಲೀಟರ್ ಬೇಕಾಗುವುದರಿಂದ ಚಿಕ್ಕ ಬಾಟಲಿ ಸಾಲುವುದಿಲ್ಲ, ದೊಡ್ಡದನ್ನೇ ತರಿಸುವುದು ಲೇಸು.

ಕಡಿಮೆ ಬೆಲೆಗೆ ಸಿಗುವ, ಒಳಗೇನಿದೆ ಎಂದು ಚೀಟಿಯಲ್ಲಿ ಬರೆಯದ ಹಸಿರು ಬಾಟಲಿಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ಎಷ್ಟು ಸಾಂದ್ರತೆ ಇದೆ ಎಂಬುದು ಗೊತ್ತಾಗದಿರುವುದರಿಂದ ನಾನು ಅವನ್ನು ಶಿಫಾರಸು ಮಾಡಲಾರೆ. ಅದಕ್ಕಿಂತ ಕಲ್ಲುಪ್ಪು ಎಷ್ಟೋ ಮೇಲು. ಲೀಟರಿಗೆ 2 ಗ್ರಾಂನಂತೆ, ಅಂದರೆ 190 ಲೀಟರಿಗೆ 380 ಗ್ರಾಂ ಉಪ್ಪನ್ನು ಎರಡು ದಿನಗಳಲ್ಲಿ ಹಂತಹಂತವಾಗಿ ಕರಗಿಸಿ ಹಾಕಿ, ಉಷ್ಣಾಂಶವನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ ಎರಡು ವಾರ ಕಾಯ್ದರೆ ಆರಂಭದ ಹಂತದ ರೋಗ ಹೋಗುತ್ತದೆ. ಸಿಕ್ಲಿಡ್‌ಗಳು ಈ ಪ್ರಮಾಣದ ಉಪ್ಪನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಬದಲಿಸಿದ ನೀರಿನಷ್ಟಕ್ಕೆ ಮಾತ್ರ ಮತ್ತೆ ಉಪ್ಪು ಸೇರಿಸಬೇಕು. ಆದರೆ ಶಾಖವನ್ನು ತಾಳಿಕೊಳ್ಳುವ ತಳಿಗಳೂ ಪರಾವಲಂಬಿಯಲ್ಲಿ ಇವೆ. ಒಂದೆರಡು ಮೀನಿನಲ್ಲಿ ಚುಕ್ಕೆ ಕಂಡಾಗ ನಾನು ಉಪ್ಪು ಮತ್ತು ಶಾಖದಿಂದ ಆರಂಭಿಸುತ್ತೇನೆ, ಇಡೀ ಟ್ಯಾಂಕಿಗೆ ಹರಡಿದ್ದರೆ ಇಚ್-ಎಕ್ಸ್‌ಗೇ ಹೋಗುತ್ತೇನೆ. ಸಿನೊಡಾಂಟಿಸ್‌ನಂತಹ ಹುರುಪೆಯಿಲ್ಲದ ಮೀನುಗಳು ಜೊತೆಗಿದ್ದರೆ ಮೊದಲ ದಿನ ಅರ್ಧ ಪ್ರಮಾಣ ಹಾಕಿ ಅವುಗಳ ನಡವಳಿಕೆ ನೋಡಿ ಮುಂದುವರಿಯುವುದು ಕ್ಷೇಮ.

ಔಷಧಿಯ ಬಣ್ಣ ಬಟ್ಟೆಗೂ, ಟ್ಯಾಂಕಿನ ಮೂಲೆಗಳ ಸಿಲಿಕೋನಿಗೂ ಹಿಡಿಯುತ್ತದೆ. ವಾಸನೆ ಮೂಗಿಗೆ ಅಡರುವುದರಿಂದ ಕಿಟಕಿ ತೆರೆದಿಟ್ಟು, ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು. ಬಾಟಲಿಯನ್ನು ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ ಕಪಾಟಿನಲ್ಲಿ ಇಡಬೇಕು, ಫ್ರಿಜ್‌ನಲ್ಲಿ ಇಡಬಾರದು. ಅತಿಯಾದ ಚಳಿಯಲ್ಲಿ ಇದರಲ್ಲಿರುವ ಫಾರ್ಮಾಲ್ಡಿಹೈಡ್ ಬಿಳಿ ಗಸಿಯಾಗಿ ತಳದಲ್ಲಿ ಕೂರುತ್ತದೆ, ಆ ಗಸಿ ಮೀನಿಗೆ ಇನ್ನೂ ಹೆಚ್ಚು ವಿಷ.

ಕರಾವಳಿಯ ಓದುಗರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕರಿಮೀನು, ತಿಲಾಪಿಯಾ ಇವೂ ಸಿಕ್ಲಿಡ್ ಕುಟುಂಬಕ್ಕೇ ಸೇರಿದವು, ಇವಕ್ಕೂ ಬಿಳಿ ಚುಕ್ಕೆ ಬರುತ್ತದೆ. ಆದರೆ ಅಡುಗೆಗೆಂದು ಮನೆಯ ಹೊಂಡದಲ್ಲಿ ಸಾಕಿದ ಮೀನುಗಳಿಗೆ ಇಚ್-ಎಕ್ಸ್ ಹಾಕಲೇಬಾರದು. ಮಲಾಕೈಟ್ ಗ್ರೀನ್ ಮೀನಿನ ಮಾಂಸದಲ್ಲಿ ಬಹಳ ಕಾಲ ಉಳಿಯುತ್ತದೆ; ಅಮೆರಿಕದಲ್ಲಿಯೂ ಯುರೋಪ್ ಒಕ್ಕೂಟದಲ್ಲಿಯೂ ತಿನ್ನುವ ಮೀನಿಗೆ ಅದನ್ನು ಬಳಸಲು ಅನುಮತಿಯಿಲ್ಲ. ಅಂಥ ಹೊಂಡಗಳಿಗೆ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಸಲಹೆ ಪಡೆದು, ಉಪ್ಪಿನಂತಹ ಸುರಕ್ಷಿತ ಕ್ರಮಗಳನ್ನೇ ಅನುಸರಿಸಬೇಕು. ಅಲಂಕಾರಿಕ ಟ್ಯಾಂಕಿನಿಂದ ಹೊರತೆಗೆದ ಔಷಧಿ ಬೆರೆತ ನೀರನ್ನೂ ಇಂತಹ ಹೊಂಡಕ್ಕಾಗಲಿ, ತೋಟದ ಬಾವಿಯ ಬದಿಗಾಗಲಿ ಚೆಲ್ಲಬಾರದು.