‘ತಂಬೋರಾ’ ಅಂತ ಹುಡುಕಿದರೆ ಸಿಗಲಿಲ್ಲ: ಹಳೇ ದಾಖಲೆಗೆ ಐದು ದಾರಿ

1816ರಲ್ಲಿ ಬೇಸಿಗೆಯೇ ಬರಲಿಲ್ಲ. ಜೂನ್ ತಿಂಗಳಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮ ಬಿತ್ತು. ಯುರೋಪಿನಲ್ಲಿ ಮಳೆ ಬಿಡದೆ ಸುರಿದು ಬೆಳೆ ಹಾಳಾಯಿತು. ಕಾರಣ ಈಗ ಗೊತ್ತಿದೆ. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದು ಉಗುಳಿದ ಗಂಧಕ ಆಕಾಶದಲ್ಲಿ ಹರಡಿ ಬಿಸಿಲಿಗೆ ತೆರೆ ಕಟ್ಟಿತು.

ಆದರೆ ಆ ಚಳಿಯಲ್ಲಿ ನಡುಗಿದವರು ಇದರ ಬಗ್ಗೆ ಏನು ಬರೆದಿಟ್ಟರು? ಈ ಒಂದೇ ಪ್ರಶ್ನೆ ಹಿಡಿದು ಐದು ಬಗೆಯ ಸಂಗ್ರಹಗಳನ್ನು ಜಾಲಾಡಿದೆ. ಪ್ರಶ್ನೆ ಒಂದೇ ಇದ್ದರೆ ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಚೆನ್ನಾಗಿ ತಿಳಿಯುತ್ತದೆ.

ಮೊದಲು ಹೋಗಿದ್ದು ಹಳೇ ಪತ್ರಿಕೆಗಳ ತಾಣಗಳಿಗೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ಕ್ರಾನಿಕ್ಲಿಂಗ್ ಅಮೆರಿಕ, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್. ಎರಡೂ ಉಚಿತ. ‘ತಂಬೋರಾ’ ಅಂತ ಇಂಗ್ಲಿಷಿನಲ್ಲಿ ಹೊಡೆದೆ, ವರ್ಷ 1816 ಅಂತ ಹಾಕಿದೆ. ಆ ಚಳಿಗೂ ಜ್ವಾಲಾಮುಖಿಗೂ ನಂಟು ಹಾಕಿದ ಒಂದು ಸಾಲೂ ಕಣ್ಣಿಗೆ ಬೀಳಲಿಲ್ಲ. ತಾಣವೇ ಸರಿಯಿಲ್ಲ ಅಂತ ಬೈದುಕೊಂಡೆ. ಎರಡು ದಿನ ಕಳೆದ ಮೇಲೆ ಹೊಳೆಯಿತು, ತಪ್ಪು ನನ್ನದೇ. 1816ರಲ್ಲಿ ಜನರಿಗೆ ಆ ನಂಟು ಗೊತ್ತೇ ಇರಲಿಲ್ಲ! ಆ ವರ್ಷ ಸೂರ್ಯನ ಮೇಲಿನ ಕಲೆಗಳು ಬರಿಗಣ್ಣಿಗೂ ಕಂಡಿದ್ದವು. ಚಳಿಗೆ ಅವೇ ಕಾರಣ ಅಂತ ಬಹಳ ಮಂದಿ ನಂಬಿದ್ದರು. ಜ್ವಾಲಾಮುಖಿಯ ಧೂಳಿಗೂ ಚಳಿಗೂ ಇರುವ ಸಂಬಂಧವನ್ನು ವಿಲಿಯಂ ಹಂಫ್ರೀಸ್ ಎಂಬ ಹವಾಮಾನ ವಿಜ್ಞಾನಿ ವಿವರವಾಗಿ ವಾದಿಸಿದ್ದು 20ನೇ ಶತಮಾನದ ಆರಂಭದಲ್ಲಿ. ಅಂದರೆ ಸುಮಾರು ನೂರು ವರ್ಷ ಬಿಟ್ಟು.

‘ಸೂರ್ಯನ ಕಲೆ’, ‘ಹಿಮ’, ‘ಮಂಜು’ ಅಂತ ಹುಡುಕಿದ್ದೇ ತಡ, ಪುಟದ ಮೇಲೆ ಪುಟ ಬಂತು. ಆ ಕಾಲದವರ ಬಾಯಲ್ಲಿ ಯಾವ ಪದ ಇತ್ತೋ ಅದನ್ನೇ ಹೊಡೆಯಬೇಕು. ಕಾಗುಣಿತದ ತೊಂದರೆ ಬೇರೆ. ಆಗ ಜಾವಾದಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ರಾಫಲ್ಸ್ ಆ ಬೆಟ್ಟವನ್ನು ಕರೆದಿದ್ದು ‘ಟೊಂಬೊರೊ’ ಅಂತ. ಒಂದೆರಡು ಅಕ್ಷರ ಬದಲಾದರೆ ಸಾಕು, ಯಂತ್ರಕ್ಕೆ ಅದು ಬೇರೆಯೇ ಬೆಟ್ಟ.

ಎರಡು ತಾಣಗಳಲ್ಲಿ ನನಗೆ ಟ್ರೋವ್ ಜಾಸ್ತಿ ಹಿಡಿಸಿತು. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರವೇ ಓದಿ ಅಕ್ಷರಕ್ಕೆ ಇಳಿಸುತ್ತದೆ. ಯಂತ್ರ ತಪ್ಪಾಗಿ ಓದಿದ ಸಾಲುಗಳನ್ನು ಅಲ್ಲಿ ಓದುಗರೇ ತಿದ್ದಬಹುದು. ನಾನೂ ಸುಮ್ನೆ ಹತ್ತು ಸಾಲು ತಿದ್ದಿದೆ. ಅದೊಂದು ಚಟ, ಒಮ್ಮೆ ಕೂತರೆ ಏಳಲು ಮನಸ್ಸಾಗುವುದಿಲ್ಲ.

ಆಮೇಲೆ ಸ್ಕ್ಯಾನ್ ಮಾಡಿದ ಪುಸ್ತಕಗಳು. ಇಂಟರ್ನೆಟ್ ಆರ್ಕೈವ್, ಹಾತಿಟ್ರಸ್ಟ್, ಗೂಗಲ್ ಬುಕ್ಸ್ ಮೂರನ್ನೂ ನೋಡಿದೆ. ರಾಫಲ್ಸ್ 1817ರಲ್ಲಿ ಪ್ರಕಟಿಸಿದ ಜಾವಾದ ಇತಿಹಾಸ ಸಿಕ್ಕಿತು. ಸ್ಫೋಟದ ವಿವರ ಅದರಲ್ಲಿ ಒಂದು ಉದ್ದನೆಯ ಅಡಿಟಿಪ್ಪಣಿಯಾಗಿ ಕೂತಿದೆ. ನೂರಾರು ಮೈಲಿ ದೂರದ ಜಾವಾದಲ್ಲಿ ಜನ ಆ ಸದ್ದನ್ನು ಫಿರಂಗಿ ಅಂದುಕೊಂಡರಂತೆ. ಪಕ್ಕದ ಠಾಣೆಯ ಮೇಲೆ ಯಾರೋ ದಾಳಿ ಮಾಡಿದ್ದಾರೆ ಅಂತ ಯೋಗ್ಯಕರ್ತದಿಂದ ಸೈನಿಕರು ಹೊರಟರು. ಆಪತ್ತಿನಲ್ಲಿ ಹಡಗು ಸಿಕ್ಕಿಕೊಂಡಿದೆಯೇನೋ ಅಂತ ಕರಾವಳಿಯಲ್ಲಿ ದೋಣಿಗಳನ್ನು ಬಿಟ್ಟರು. ಇಂಥದ್ದು ಓದುವಾಗ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಪುಸ್ತಕ ಇಳಿಸಿಕೊಳ್ಳಲು ಇಂಟರ್ನೆಟ್ ಆರ್ಕೈವ್ ಸಲೀಸು. ಆದರೆ ಅಲ್ಲಿನ ವಿವರಗಳನ್ನು ನಂಬಿ ಕೂತರೆ ಕೆಟ್ಟಿರಿ. ಯಾರು ಬೇಕಾದರೂ ಏರಿಸಬಹುದಾದ ಜಾಗ ಅದು. ಎರಡನೇ ಸಂಪುಟಕ್ಕೆ ಮೊದಲನೆಯದರ ಹೆಸರು, ಮರುಮುದ್ರಣದ ವರ್ಷವೇ ಮೊದಲ ಮುದ್ರಣದ ವರ್ಷ, ಎರಡೂ ನನ್ನ ಕಣ್ಣಿಗೆ ಬಿದ್ದಿವೆ. ಕನ್ನಡ ಪುಸ್ತಕ ಹುಡುಕಿದವರಿಗೆ ಈ ಕಷ್ಟ ಇನ್ನೂ ಚೆನ್ನಾಗಿ ಗೊತ್ತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಅಲ್ಲಿಗೆ ಬಂದ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದೆ, ಒಂದೊಂದಕ್ಕೆ ಒಂದೊಂದು ಕಾಗುಣಿತ. ನಾಲ್ಕು ಥರ ಬರೆದು ನೋಡಿದರೆ ಒಂದು ಸಿಕ್ಕೀತು.

ಹಾತಿಟ್ರಸ್ಟ್ 2008ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ್ದು. ವಿವರಗಳು ಗ್ರಂಥಪಾಲಕರ ಕೈಯಿಂದ ಬಂದಿವೆ, ಅದು ಗೊತ್ತಾಗುತ್ತದೆ. ಹಕ್ಕುಸ್ವಾಮ್ಯ ಇರುವ ಪುಸ್ತಕವನ್ನು ತೆರೆದು ತೋರಿಸುವುದಿಲ್ಲ. ಆದರೆ ನಾವು ಹುಡುಕಿದ ಪದ ಯಾವ ಯಾವ ಪುಟದಲ್ಲಿದೆ ಅಂತ ಹೇಳುತ್ತದೆ. ಆ ಪುಟಸಂಖ್ಯೆ ಬರೆದುಕೊಂಡು ಗ್ರಂಥಾಲಯಕ್ಕೆ ಹೋದರೆ ಅರ್ಧ ದಿನ ಉಳಿಯುತ್ತದೆ. ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸೌಲಭ್ಯ ಇದೇ. ಗೂಗಲ್ ಬುಕ್ಸ್ ತೋರಿಸುವ ತುಣುಕು ಸಾಲುಗಳಿಗಿಂತ ಎಷ್ಟೋ ಮೇಲು.

ಸಂಶೋಧನಾ ಲೇಖನಗಳಿಗೆ ಜೆಸ್ಟೋರ್. ಇದು 1995ರಿಂದ ಇದೆ. ಹಳೇ ಲೇಖನಗಳಲ್ಲಿ ಅಮೆರಿಕದ 1923ಕ್ಕಿಂತ ಹಿಂದಿನವು, ಬೇರೆ ದೇಶಗಳ 1870ಕ್ಕಿಂತ ಹಿಂದಿನವು 2011ರಿಂದ ಎಲ್ಲರಿಗೂ ಮುಕ್ತ. ಬಹಳಷ್ಟು ಸಂಶೋಧನಾ ಪತ್ರಿಕೆಗಳ ತೀರಾ ಈಚಿನ ಕೆಲವು ವರ್ಷಗಳ ಸಂಚಿಕೆ ಇಲ್ಲಿರುವುದಿಲ್ಲ. ಹೊಸ ವಾದ ಬೇಕು ಅನ್ನುವವರಿಗೆ ಇದು ತೊಡಕು. ನಾನು ಲೇಖನಗಳನ್ನು ಓದಿದ್ದಕ್ಕಿಂತ ಅವುಗಳ ಅಡಿಟಿಪ್ಪಣಿ ಓದಿದ್ದೇ ಹೆಚ್ಚು. ಮೂಲ ದಾಖಲೆ ಎಲ್ಲಿದೆ, ಕಡತದ ಸಂಖ್ಯೆ ಏನು, ಎಲ್ಲ ಅಲ್ಲಿರುತ್ತದೆ. ಬೇರೆಯವರು ಹತ್ತು ವರ್ಷ ಸವೆಸಿದ ಚಪ್ಪಲಿ ನಮಗೆ ಪುಕ್ಕಟೆ.

ಇನ್ನು ಮೈಕ್ರೋಫಿಲ್ಮ್, ಅಂದರೆ ಹಳೇ ಪುಟಗಳನ್ನು ಪುಟ್ಟದಾಗಿ ಚಿತ್ರ ತೆಗೆದಿಟ್ಟ ಫಿಲ್ಮ್. ಅಯ್ಯೋ! 35 ಮಿ.ಮೀ. ರೀಲು, ಕಿರ್ ಅನ್ನುವ ಯಂತ್ರ, ಅರ್ಧ ಗಂಟೆಗೆ ತಲೆಸುತ್ತು. ಹಳೇ ಅಸಿಟೇಟ್ ಫಿಲ್ಮ್ ಆದರೆ ಡಬ್ಬಿ ತೆಗೆದ ಕೂಡಲೇ ವಿನೆಗರ್ ವಾಸನೆ. ಫಿಲ್ಮ್ ಕೆಡುತ್ತಿದೆ ಎಂಬುದರ ಗುರುತು ಅದು. ಒಂದು ರೀಲನ್ನು ಯಾರೋ ತಿರುಗುಮುರುಗಾಗಿ ಸುತ್ತಿಟ್ಟಿದ್ದರು. ಅದನ್ನು ಸರಿಮಾಡುವುದರಲ್ಲೇ ನನ್ನ ಮಧ್ಯಾಹ್ನ ಮುಗಿಯಿತು.

ಆದರೂ ಇದನ್ನು ಬಿಡಬೇಡಿ ಅಂತಲೇ ಹೇಳುತ್ತೇನೆ. ಜಾಲದಲ್ಲಿ ಕಾಣುವ ಎಷ್ಟೋ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿದ್ದು ಕಾಗದದಿಂದ ಅಲ್ಲ, ಈ ಫಿಲ್ಮಿನಿಂದಲೇ. ಫಿಲ್ಮ್ ಮಸುಕಾಗಿದ್ದರೆ ಸ್ಕ್ಯಾನೂ ಮಸುಕು. ಸ್ಕ್ಯಾನ್ ಮಸುಕಾದರೆ ಯಂತ್ರದ ಓದು ತಪ್ಪು. ಓದು ತಪ್ಪಿದರೆ ಆ ಸುದ್ದಿ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಕಣ್ಣು ಮಾತ್ರ ಅದೇ ಮಸುಕು ಸಾಲನ್ನು ಹೇಗೋ ಓದಿಬಿಡುತ್ತದೆ. ಜತೆಗೆ ಇಡೀ ಪುಟ ಎದುರಿಗಿರುತ್ತದೆ. ಹವಾಮಾನದ ಸುದ್ದಿಯ ಪಕ್ಕದಲ್ಲೇ ಧಾನ್ಯದ ದರ, ಬಂದರಿಗೆ ಬಂದ ಹಡಗುಗಳ ಪಟ್ಟಿ. ನಾನು ಹುಡುಕದೇ ಸಿಕ್ಕಿದ್ದು ಈ ದರಗಳು.

ಕೊನೆಯದು ಪತ್ರಾಗಾರದ ಓದುವ ಕೋಣೆ. ಮೊದಲ ದಿನ ಪೆನ್ನು ತೆಗೆದುಕೊಂಡು ಹೋಗಿ ಬೈಸಿಕೊಂಡೆ. ಪೆನ್ಸಿಲ್ ಮಾತ್ರ, ಚೀಲ ಹೊರಗೆ. ಸಿನಿಮಾದಲ್ಲಿ ತೋರಿಸುವ ಬಿಳಿ ಕೈಗವಸು ಕಾಗದಕ್ಕೆ ಸಾಮಾನ್ಯವಾಗಿ ಬೇಡ, ತೊಳೆದು ಒರೆಸಿದ ಕೈಯೇ ಒಳ್ಳೆಯದು. ಗವಸು ಹಾಕಿದರೆ ಹಾಳೆಯ ಅಂಚು ಬೆರಳಿಗೆ ತಿಳಿಯದೆ ಹರಿದುಹೋಗಬಹುದು. ಕೇಳಿದ ಕಡತ ಬರಲು ಎರಡು ದಿನ ಹಿಡಿಯಿತು. ಬಂದದ್ದು ಬೇರೆ ಕಡತ.

ಸೂಚಿಯಲ್ಲಿ ‘ಹವಾಮಾನ’ ಎಂಬ ಪದವೇ ಇರಲಿಲ್ಲ. ಸಾಮಾನ್ಯವಾಗಿ ಇರುವುದೂ ಇಲ್ಲ. ಪತ್ರಾಗಾರದಲ್ಲಿ ಕಾಗದಗಳನ್ನು ವಿಷಯ ನೋಡಿ ವಿಂಗಡಿಸುವುದಿಲ್ಲ. ಅವು ಯಾವ ಕಚೇರಿಯಿಂದ ಬಂದವೋ ಆ ಕಚೇರಿಯ ಗುಂಪಲ್ಲೇ ಇಡುತ್ತಾರೆ. ಫ್ರಾನ್ಸ್ 1841ರಲ್ಲಿ ಹಾಕಿಕೊಟ್ಟ ಪದ್ಧತಿ ಇದು. ನನ್ನ ಪೇಚಾಟ ನೋಡಿದ ಅಲ್ಲಿನ ಹಿರಿಯ ಸಿಬ್ಬಂದಿಯೊಬ್ಬರು ಹೇಳಿದರು: ‘ಮಳೆ ಅಂತ ಹುಡುಕಬೇಡಿ ಸಾರ್. ಮಳೆ ಕೈಕೊಟ್ಟಾಗ ಯಾರು ಯಾರಿಗೆ ಕಾಗದ ಬರೀತಾರೆ, ಅದನ್ನ ಹುಡುಕಿ.’

ಕಂದಾಯದ ಕಡತ ಕೇಳಿದೆ. ಮಾಫಿ ಕೋರಿದ ಪತ್ರಗಳ ಕಟ್ಟು ಬಂತು. ಹಡಗಿನ ದಿನಚರಿಗಳೂ ಇದೇ ಜಾತಿಯವು. ಈಸ್ಟ್ ಇಂಡಿಯಾ ಕಂಪನಿಯ ನಾವಿಕರು ದಿನಾ ಗಾಳಿ ಯಾವ ಕಡೆಯದು, ಆಕಾಶ ಹೇಗಿತ್ತು ಅಂತ ಬರೆದಿಡುತ್ತಿದ್ದರು. ಅವರಿಗೆ ಅದು ದಾರಿಯ ಲೆಕ್ಕ. ಇವತ್ತಿನ ಹವಾಮಾನ ವಿಜ್ಞಾನಿಗಳು ಅದೇ ಪುಸ್ತಕಗಳಿಂದ ಹಳೇ ಕಾಲದ ಹವೆಯನ್ನು ಲೆಕ್ಕ ಹಾಕುತ್ತಿದ್ದಾರೆ.

ಒಂದೇ ಮಧ್ಯಾಹ್ನ ಕೈಯಲ್ಲಿದ್ದರೆ ನಾನು ಜೆಸ್ಟೋರ್‌ಗೆ ಹೋಗುತ್ತೇನೆ. ಒಂದು ವಾರ ಇದ್ದರೆ ಅಲ್ಲಿನ ಅಡಿಟಿಪ್ಪಣಿ ಹಿಡಿದು ಹಾತಿಟ್ರಸ್ಟ್‌ಗೆ, ಆಮೇಲೆ ಪತ್ರಿಕೆಗಳಿಗೆ. ಓದುವ ಕೋಣೆಗೆ ಎಲ್ಲಕ್ಕಿಂತ ಕೊನೆಗೆ, ಕಡತದ ಸಂಖ್ಯೆ ಬರೆದುಕೊಂಡೇ ಹೋಗುವುದು. ಬರಿಗೈಲಿ ಹೋದರೆ ನನಗಾದ ಹಾಗೇ ಆಗುತ್ತದೆ. ಮೈಕ್ರೋಫಿಲ್ಮಿಗೆ ಮಾತ್ರ ಊಟವಾದ ಕೂಡಲೇ ಹೋಗಬೇಡಿ.