ಯೂರಿಯಾ ಜೊತೆ ತಗಲಿಸುವ ‘ಬಯೋ’ ಡಬ್ಬಿ ಹೊಡೆಸಬೇಡಿ

ದಾವಣಗೆರೆ, ಜಗಳೂರು ಕಡೆ ಮೆಕ್ಕೆಜೋಳ ಹಾಕಿರುವವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಮೋಸ ಹೋದವನು ನಾನು, ಆಸ್ಪತ್ರೆ ಸೇರಿದವನು ನಮ್ಮ ಹೊಲಕ್ಕೆ ಕೂಲಿಗೆ ಬರುವ ಹುಡುಗ.

ಯೂರಿಯಾಗೆ ಗೊಬ್ಬರದಂಗಡಿಗೆ ಹೋದರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಚೀಲದ ಜೊತೆ ಬೇಡದ್ದೇನಾದರೂ ಲಿಂಕ್ ಹಾಕುತ್ತಾರೆ. ನನಗೆ 4 ಚೀಲ ಬೇಕಿತ್ತು, ಒಂದೊಂದು ಲೀಟರಿನ 2 ಡಬ್ಬಿ ತಗಲಿಸಿದ. ‘ಯಜಮಾನ್ರೇ, ಸೈನಿಕ ಹುಳಕ್ಕೆ ಬಂದಿರೋ ಹೊಸ ಮಾಲು. ಪೂರ್ತಿ ಬಯೋ. ಮುಖಕ್ಕೆ ಬಟ್ಟೆ ಕಟ್ಟೋದೂ ಬೇಡ’ ಅಂದ. ಬಯೋ ಅಂದರೆ ಬೇವಿನಂಥ ಗಿಡದಿಂದ ಮಾಡಿದ್ದು ಅಂದುಕೊಂಡೆ. ಡಬ್ಬಿ ಮೇಲೆ ಚೆಂದದ ಹಸಿರು ಎಲೆ ಚಿತ್ರ. ವಿಷ ಎಷ್ಟು ಜೋರು ಅಂತ ತೋರಿಸೋ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತಲ್ಲ, ಅದು ಯಾವುದೂ ಇಲ್ಲ. ಬಿಲ್ ಕೇಳಿದೆ. ‘ಬಿಲ್ ಬೇಕಂದ್ರೆ ರೇಟು ಬೇರೆ ಆಗುತ್ತೆ ನೋಡ್ರಿ.’ ಸುಮ್ನಾದೆ. ಅಲ್ಲೇ ಕೆಟ್ಟೆ.

2018ರಲ್ಲಿ ಶಿವಮೊಗ್ಗದ ಕಡೆ ಮೆಕ್ಕೆಜೋಳ ತಿನ್ನುವ ಈ ಸೈನಿಕ ಹುಳ ಕಾಣಿಸಿಕೊಂಡಾಗಿನಿಂದ ನಾವು ಏನೇನು ಸುರಿದಿಲ್ಲ ಹೇಳಿ. ಹೊಸದು ಅಂದರೆ ಸಾಕು, ಕೈ ಚಾಚುತ್ತೇವೆ.

ಮರುದಿನ ಹೊಲದಲ್ಲಿ ಮುಚ್ಚಳ ತೆಗೆದಾಗ ಬೇವಿನ ವಾಸನೆ ಬರಲಿಲ್ಲ. ಕೊಳೆತ ಬೆಳ್ಳುಳ್ಳಿ ಥರ ಘಾಟು. ಹುಡುಗ ಕೇಳಿದ, ‘ಅಣ್ಣಾ, ವಾಸನೆ ಜೋರೈತಲ್ಲ?’ ನಾನು ಹೇಳಿದೆ, ‘ಬಯೋ ಕಣೋ, ಏನೂ ಆಗಲ್ಲ. ಬಟ್ಟೆ ಕಟ್ಟೋದೂ ಬೇಡ.’ ಅಂಗಡಿಯವನ ಮಾತು, ಅಕ್ಷರ ಸಮೇತ, ನನ್ನ ಬಾಯಲ್ಲಿ ಬಂತು. ರಾತ್ರಿ ಮಲಗಿದರೆ ಈಗಲೂ ಅದೇ ಕೇಳಿಸುತ್ತೆ. ಅವನಿಗೆ ಅನುಮಾನ ಬಂದಿತ್ತು. ನನಗೆ ಬರಲಿಲ್ಲ.

ಕ್ಯಾನಿಗಿಷ್ಟು ಅಂತ ಕೂಲಿ, ಹಾಗಾಗಿ ಯಾರೂ ಮಧ್ಯೆ ನಿಲ್ಲಿಸಲ್ಲ. ಪಂಪಿನ ಮುಚ್ಚಳ ಸೋರುತ್ತಿತ್ತು. ಬನಿಯನ್ ಬೆನ್ನಿಗೆ ಅಂಟಿತ್ತು, ಪ್ಯಾಂಟು ತೊಡೆವರೆಗೆ ಒದ್ದೆ. ಹನ್ನೊಂದಕ್ಕೆ ಬದುವಿನ ಮೇಲೆ ಕೂತು, ಕೈ ಬರೀ ನೀರಲ್ಲಿ ಅದ್ದಿ, ಮಂಡಕ್ಕಿ ಮೆಣಸಿನಕಾಯಿ ತಿಂದ. ನಾನೂ ಪಕ್ಕದಲ್ಲೇ ಇದ್ದೆ. ಏನೂ ಹೇಳಲಿಲ್ಲ.

ಎರಡು ಗಂಟೆಗೆ ತಲೆ ತಿರುಗುತ್ತೆ ಅಂದ. ಆಮೇಲೆ ವಾಂತಿ. ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಮೀನಖಂಡ ತಾನಾಗೇ ಪಟಪಟ ಅದುರುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. ‘ಬಿಸಿಲಿಗೆ ಆಗಿರುತ್ತೆ, ಹಾಲು ಕುಡಿಸ್ರಿ.’ ಹುಡುಗನ ಹೆಂಡತಿ ಓಡಿ ಹೋಗಿ ಹಾಲು ತಂದಳು. ಅದನ್ನೂ ಕಕ್ಕಿದ. ಅರ್ಧ ಗಂಟೆ ಹಾಗೇ ಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಪಾಪೆ ಸಾಸಿವೆ ಕಾಳಿನಷ್ಟು. ‘ಯಾವ ಔಷಧಿ? ಡಬ್ಬಿ ಎಲ್ಲಿ?’ ತೋರಿಸಿದೆ. ‘ಬಯೋ ಸರ್’ ಅಂದೆ, ಆಗಲೂ! ಅವರು ನನ್ನ ಮುಖ ನೋಡಿದರು. ‘ಬೇವಿಗೆ ಹೀಗಾಗಲ್ಲ ರೀ. ಇದು ಆರ್ಗನೋಫಾಸ್ಫೇಟ್ ಅನ್ನೋ ರಾಸಾಯನಿಕ ಕೀಟನಾಶಕದ ಲಕ್ಷಣ.’ ನರದ ಸಂದೇಶ ಮುಗಿದ ಮೇಲೆ ಅದನ್ನು ಅಳಿಸುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತಂತೆ. ಅದಕ್ಕೇ ಜೊಲ್ಲು, ಬೆವರು, ಅದುರು ಯಾವುದೂ ನಿಲ್ಲೋದಿಲ್ಲ. ಕುಡಿಯಲೇಬೇಕು ಅಂತಿಲ್ಲ, ಚರ್ಮದಿಂದಲೇ ಒಳಗಿಳಿಯುತ್ತೆ. ಬಟ್ಟೆ ಬಿಚ್ಚಿಸಿ ಸೋಪಿನಲ್ಲಿ ಮೈ ತೊಳೆಸಿದರು, ಈ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್. ನಾವು ಹೊಲದಲ್ಲೇ ತೊಳೆಯಬೇಕಿತ್ತು. ಹಾಲು ಕುಡಿಸುತ್ತಾ ಕೂತಿದ್ದೆವು!

ಮೂರನೇ ದಿನ ಅವನು ಎದ್ದು ಕೂತ, ಮನೆಗೆ ಹೋಗ್ತೀನಿ ಅಂದ. ಡಾಕ್ಟರು ಬಿಡಲಿಲ್ಲ. ಸುಧಾರಿಸಿದ ಹಾಗೆ ಕಂಡರೂ 4 ದಿನದೊಳಗೆ ಕುತ್ತಿಗೆ ಸೋತು ಉಸಿರು ನಿಲ್ಲುವುದುಂಟಂತೆ. ಏಳನೇ ದಿನ ಮನೆಗೆ ಬಂದ. ಕೆಲಸಕ್ಕೆ ಇನ್ನೂ ಬಂದಿಲ್ಲ.

ಅಂಗಡಿಗೆ ಹೋದೆ. ಮೊದಲು, ‘ಕುಡಿದಿದ್ನೇನೋ ಕೇಳ್ರಿ.’ ಅವನು ಕುಡಿಯಲ್ಲ ಅಂದೆ. ‘ಖಾಲಿ ಹೊಟ್ಟೇಲಿ ಹೊಡೆದಿರ್ತಾನೆ.’ ಅಲ್ಲ ಅಂದೆ. ಆಮೇಲೆ ನಗುತ್ತಾ, ‘ಹುಳ ಸತ್ತವೋ ಇಲ್ವೋ ಅದನ್ನ ಹೇಳ್ರಿ ಯಜಮಾನ್ರೇ.’ ಸತ್ತಿದ್ದವು. ಅದೇ ಉರಿ ನನಗೆ. ಜೋರು ಮಾಡಿದಾಗ ಕೊನೆಗೆ ಕೇಳಿದ, ‘ನಮ್ಮ ಅಂಗಡೀದೇ ಅಂತೀರಲ್ಲ, ಬಿಲ್ ಐತಾ?’ ಅಂಗಡಿ ತುಂಬ ಜನ. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ.

ಎಲೆ ಚಿತ್ರ ನೋಡಿ ನಂಬಬೇಡಿ. ಬೇವಿನೆಣ್ಣೆಯ ಕೀಟನಾಶಕಕ್ಕೂ 1968ರ ಕೀಟನಾಶಕ ಕಾಯ್ದೆ ಪ್ರಕಾರ ನೋಂದಣಿ ನಂಬರು ಬೇಕು. ತ್ರಿಕೋನ, ನಂಬರು, ಒಳಗಿನ ರಾಸಾಯನಿಕದ ಹೆಸರು ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಬಿಲ್ ಕೊಡದವನ ಹತ್ತಿರ ಏನೂ ಕೊಳ್ಳಬೇಡಿ, ಜಾಸ್ತಿ ದುಡ್ಡು ಹೋದರೂ ಸರಿ. ಮೈಗೆ ಬಿದ್ದರೆ ಮೊದಲು ಸೋಪು ನೀರು, ಆಮೇಲೆ ಡಬ್ಬಿ ಸಮೇತ ಆಸ್ಪತ್ರೆ. ಅಂಗಡಿಯವನಿಗೆ ಫೋನ್ ಮಾಡಿ ಕಾಲ ಕಳೆಯಬೇಡಿ, ಅವನು ಡಾಕ್ಟರಲ್ಲ. ಒಡೆಯದ ಇನ್ನೊಂದು ಡಬ್ಬಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು, ಅರ್ಜಿ ಬರೆದು ಬಂದಿದ್ದೇನೆ.

ನಿನ್ನೆ ಸಂಜೆ ಅಂಗಡಿಯವನೇ ಫೋನ್ ಮಾಡಿದ್ದ. ನಾನು ಎತ್ತಲಿಲ್ಲ. ವಾಯ್ಸ್ ಮೆಸೇಜ್ ಕಳಿಸಿದ್ದಾನೆ: ‘ಯಜಮಾನ್ರೇ, ಸಿಟ್ಟು ಬಿಡ್ರಿ. ಯೂರಿಯಾ ಲೋಡು ಬಂದೈತೆ, ನಿಮಗಂತ 2 ಚೀಲ ತೆಗೆದಿಟ್ಟೀನಿ.’